ಎದೆ ಒಮ್ಮೆ ಹೆದರಿಸಿದ ಮೇಲೆ

2025ರ ಜೂನ್ ಕೊನೆ, ಜುಲೈ ಮೊದಲಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಬರುತ್ತಿದ್ದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳ್ಳಂಬೆಳಗ್ಗೆಯೇ ಜನ ಸಾಲು ನಿಂತರು. ಎದೆಯ ತೊಂದರೆ ಏನೂ ಇಲ್ಲದವರೂ ಒಂದು ಇಸಿಜಿ ಮಾಡಿಸಿಬಿಡೋಣ ಎಂದು ಬಂದರು. ಆ ಹೆದರಿಕೆ ಸಹಜವೇ. ಆದರೆ ಆ ಬಾಗಿಲಿಗೆ ತಪ್ಪದೆ ಹೋಗಬೇಕಾದವರು ಬೇರೆ ಇದ್ದಾರೆ. ಈಗಾಗಲೇ ಒಮ್ಮೆ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿಸಿಕೊಂಡು, ನಾಲ್ಕಾರು ತಿಂಗಳಾದ ಮೇಲೆ 'ಈಗ ಚೆನ್ನಾಗೇ ಇದ್ದೀನಲ್ಲ' ಎಂದು ಫೈಲನ್ನು ಬೀರುವಿನ ಮೇಲಿಟ್ಟವರು. ಮತ್ತೊಂದು ಹೃದಯಾಘಾತದ ಅಪಾಯ ಊರಿನ ಉಳಿದೆಲ್ಲರಿಗಿಂತ ಹೆಚ್ಚಾಗಿರುವುದು ಅವರಿಗೆ. ಅದನ್ನು ಗಣನೀಯವಾಗಿ ತಗ್ಗಿಸುವ ದಾರಿಗಳು ಇರುವುದೂ ಅವರಿಗೇ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ (ಜಿಲ್ಲೆಯ ಹೆಸರು ಈಗ ಬೆಂಗಳೂರು ದಕ್ಷಿಣ ಎಂದಾಗಿದೆ) ಹೃದಯದ ವಿಷಯ ಹೊಸದಲ್ಲ. ಜಯದೇವ ಸಂಸ್ಥೆಯನ್ನು ಹಲವು ವರ್ಷ ನಡೆಸಿದ ಡಾ. ಸಿ.ಎನ್. ಮಂಜುನಾಥ್ ಅವರನ್ನೇ 2024ರಲ್ಲಿ ಈ ನಾಲ್ಕೂ ತಾಲ್ಲೂಕು ಸೇರಿದ ಕ್ಷೇತ್ರ ಲೋಕಸಭೆಗೆ ಕಳಿಸಿದೆ. ಬೆಂಗಳೂರು ಐವತ್ತು-ಅರವತ್ತು ಕಿಲೋಮೀಟರು. ಅಷ್ಟು ಹತ್ತಿರವಿರುವುದೇ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಪಾಯ ಎಷ್ಟೆಂದು ನೋಡೋಣ. ಸ್ವೀಡನ್‌ನಲ್ಲಿ ಹೃದಯಾಘಾತದಿಂದ ಬದುಕಿ ಮನೆಗೆ ಹೋದ ಸುಮಾರು 97 ಸಾವಿರ ಜನರ ದಾಖಲೆ ನೋಡಿ 2015ರಲ್ಲಿ ಪ್ರಕಟಿಸಿದ ಲೆಕ್ಕ ಒಂದಿದೆ. ಮೊದಲ ವರ್ಷದಲ್ಲೇ ನೂರಕ್ಕೆ 18 ಮಂದಿಗೆ ಮತ್ತೆ ಹೃದಯಾಘಾತವೋ, ಪಾರ್ಶ್ವವಾಯುವೋ, ಹೃದಯ-ರಕ್ತನಾಳದ ಕಾಯಿಲೆಯಿಂದ ಸಾವೋ ಸಂಭವಿಸಿತ್ತು. ಮೊದಲ ವರ್ಷ ಏನೂ ಆಗದೆ ದಾಟಿದವರಲ್ಲೂ ಮುಂದಿನ ಮೂರು ವರ್ಷಗಳಲ್ಲಿ ಐವರಲ್ಲಿ ಒಬ್ಬರಿಗೆ ಹಾಗಾಯಿತು. ಅಂದರೆ ಒಂದು ವರ್ಷ ಕಳೆದರೆ ಗಂಡಾಂತರ ಕಳೆಯಿತು ಎನ್ನುವಂತಿಲ್ಲ. ನಮ್ಮಲ್ಲಿ ಇನ್ನೊಂದು ತೊಡಕಿದೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದು 2004ರಲ್ಲಿ ಹೊರಬಂದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಬೇರೆಡೆಯವರಲ್ಲಿ ಸುಮಾರು 59. ನಲವತ್ತರೊಳಗಿನವರೇ ಬರುವುದು ಹೆಚ್ಚಾದಾಗ ಜಯದೇವ ಸಂಸ್ಥೆ 2017ರಲ್ಲಿ ಅವರಿಗೆಂದೇ ಪ್ರತ್ಯೇಕ ನೋಂದಣಿ ಶುರುಮಾಡಿತು. ಚಿಕ್ಕ ವಯಸ್ಸಿಗೇ ಮೊದಲನೆಯದು ಬಂದರೆ, ಎರಡನೆಯದು ಬಾರದಂತೆ ಕಾಯುತ್ತಾ ಕಳೆಯಬೇಕಾದ ವರ್ಷಗಳೂ ಅಷ್ಟೇ ಹೆಚ್ಚು.

ಸ್ಟೆಂಟ್ ಏನು ಮಾಡಿದೆ, ಏನು ಮಾಡಿಲ್ಲ

'ಬ್ಲಾಕ್ ತೆಗೆದರು, ಸರಿಹೋಯ್ತು' ಎಂಬ ಮಾತು ಬಹಳ ಮನೆಗಳಲ್ಲಿ ಕೇಳುತ್ತದೆ. ಪೂರ್ತಿ ನಿಜವಲ್ಲ. ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಗೋಡೆಯೊಳಗೆ ವರ್ಷಗಟ್ಟಲೆ ಕೊಬ್ಬು ಸೇರಿ ದಪ್ಪವಾಗಿರುತ್ತದೆ, ಅದರ ಮೇಲೊಂದು ತೆಳುವಾದ ಪೊರೆ. ಹೃದಯಾಘಾತ ಹೆಚ್ಚಿನ ಸಲ ಆಗುವುದು ನಾಳ ನಿಧಾನವಾಗಿ ಕಟ್ಟುತ್ತಾ ಬಂದು ಮುಚ್ಚಿಹೋಗುವುದರಿಂದಲ್ಲ; ಆ ಪೊರೆ ಕುರು ಒಡೆದ ಹಾಗೆ ಫಕ್ಕನೆ ಒಡೆದು, ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವುದರಿಂದ. ನಾಳ ಅರ್ಧ ಕೂಡ ಕಟ್ಟಿರದ ಕಡೆಯೂ ಹೀಗಾಗಬಹುದು. ಆದ್ದರಿಂದಲೇ ಹಿಂದಿನ ವಾರ ಮೆಟ್ಟಿಲು ಹತ್ತಿಳಿದವರಿಗೂ ಈ ವಾರ ಅಟ್ಯಾಕ್ ಆಗುತ್ತದೆ.

ಸ್ಟೆಂಟ್ ಎಂಬ ಲೋಹದ ಜಾಲರಿ ಅಂದು ಮುಚ್ಚಿದ್ದ ಜಾಗವನ್ನು ತೆರೆದು ಹಿಡಿದಿದೆ. ಮಿಕ್ಕ ನಾಳಗಳ ಗೋಡೆಯಲ್ಲಿರುವ ಕೊಬ್ಬನ್ನು ಅದು ಮುಟ್ಟುವುದಿಲ್ಲ. ಬೈಪಾಸ್ ಆಪರೇಷನ್ನೂ ಅಷ್ಟೇ, ಹೊಸ ದಾರಿ ಹಾಕಿಕೊಡುತ್ತದೆ, ಕಾಯಿಲೆಯನ್ನು ಕಿತ್ತುಹಾಕುವುದಿಲ್ಲ. ಮೊದಲ ಅಟ್ಯಾಕಿನಲ್ಲಿ ಸತ್ತ ಹೃದಯದ ಸ್ನಾಯು ಮತ್ತೆ ಹುಟ್ಟುವುದೂ ಇಲ್ಲ, ಅಲ್ಲಿ ಕಲೆಗಟ್ಟುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ ಎನ್ನುವುದು ಇದೇ ಕಾರಣಕ್ಕೆ: ಉಳಿದಿರುವ ಸ್ನಾಯುವಿನಲ್ಲೇ ಮತ್ತಷ್ಟು ಹೋಗುತ್ತದೆ.

ಮಾತ್ರೆ ಬಿಡುವ ದಿನಗಳು

ಡಿಸ್ಚಾರ್ಜ್ ಚೀಟಿಯಲ್ಲಿ ಐದಾರು ಮಾತ್ರೆಯ ಹೆಸರು ಇರುತ್ತವೆ. ಯಾವುದು ಯಾವ ಕೆಲಸಕ್ಕೆ ಎಂದು ಗೊತ್ತಿದ್ದರೆ ಬಿಡುವ ಮನಸ್ಸಾಗುವುದಿಲ್ಲ. ಆಸ್ಪಿರಿನ್ 75 ಮಿಲಿಗ್ರಾಂ, ಅದರ ಜೊತೆಗೆ ಕ್ಲೊಪಿಡೊಗ್ರೆಲ್, ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್, ಇವು ರಕ್ತದ ಕಣಗಳು ಅಂಟಿಕೊಂಡು ಹೆಪ್ಪಾಗದಂತೆ ತಡೆಯುತ್ತವೆ. ಎರಡನ್ನೂ ಜೊತೆಯಾಗಿ ಸಾಮಾನ್ಯವಾಗಿ ಒಂದು ವರ್ಷ, ಆಮೇಲೆ ಒಂದನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು. 17 ಸಾವಿರ ರೋಗಿಗಳ ಮೇಲೆ ನಡೆದು 1988ರಲ್ಲಿ ಪ್ರಕಟವಾದ ಐಸಿಸ್-2 ಪ್ರಯೋಗದಲ್ಲಿ ಹೃದಯಾಘಾತವಾದ ಕೂಡಲೇ ಶುರುಮಾಡಿದ ಬರೀ ಆಸ್ಪಿರಿನ್ ಒಂದೇ ಐದು ವಾರಗಳ ಸಾವನ್ನು ಶೇ 23ರಷ್ಟು ಇಳಿಸಿತ್ತು. ಅಷ್ಟು ಅಗ್ಗದ ಮಾತ್ರೆಗೆ ಅಷ್ಟು ಬಲ. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ಈ ಎರಡನ್ನು ತಟ್ಟನೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಹಾಗಾದವರಲ್ಲಿ ಅನೇಕರು ಉಳಿಯುವುದಿಲ್ಲ. ಹಲ್ಲು ಕೀಳಿಸಬೇಕು, ಕಣ್ಣಿನ ಪೊರೆ ತೆಗೆಸಬೇಕು ಎಂದಾಗ 'ರಕ್ತ ತೆಳು ಮಾಡುವ ಮಾತ್ರೆ ಒಂದು ವಾರ ನಿಲ್ಲಿಸಿ' ಎಂದು ಯಾರಾದರೂ ಹೇಳಿದರೆ, ಹೃದಯದ ಡಾಕ್ಟರಿಗೆ ಒಂದು ಫೋನ್ ಮಾಡದೆ ನಿಲ್ಲಿಸಬೇಡಿ.

ಇನ್ನೊಂದು ಅಟೋರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್. ಜನ ಮೊದಲು ಬಿಡುವುದು ಇದನ್ನೇ. 'ಕೊಲೆಸ್ಟ್ರಾಲ್ ನಾರ್ಮಲ್ ಬಂತು, ಇನ್ಯಾಕೆ?' ಎನ್ನುತ್ತಾರೆ. ನಾರ್ಮಲ್ ಬಂದದ್ದು ಮಾತ್ರೆಯಿಂದ, ಬಿಟ್ಟ ಕೆಲವೇ ವಾರಕ್ಕೆ ಮತ್ತೆ ಏರುತ್ತದೆ. ಮೇಲಾಗಿ ಪೊರೆ ಗಟ್ಟಿಯಾಗಿ ಒಡೆಯದಂತಾಗಲು ನೆರವಾಗುವುದೂ ಇದೇ. ಒಮ್ಮೆ ಅಟ್ಯಾಕ್ ಆದವರಿಗೆ ಪ್ರಯೋಗಾಲಯದ ಚೀಟಿಯಲ್ಲಿ ಅಚ್ಚಾಗಿರುವ 'ನಾರ್ಮಲ್' ಅಂಕಿ ಅನ್ವಯಿಸುವುದಿಲ್ಲ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 55ಕ್ಕಿಂತ ಕೆಳಗಿರಬೇಕು, ಎರಡು ವರ್ಷದೊಳಗೆ ಎರಡನೇ ಸಲ ಆದವರಿಗೆ 40ಕ್ಕಿಂತ ಕೆಳಗೆ ಇಳಿಸುವುದು ಒಳ್ಳೆಯದು ಎನ್ನುತ್ತವೆ ವೈದ್ಯಕೀಯ ಮಾರ್ಗಸೂಚಿಗಳು. ಒಂದು ಮಾತ್ರೆಗೆ ಇಳಿಯದಿದ್ದರೆ ಎಜೆಟಿಮೈಬ್ ಸೇರಿಸುತ್ತಾರೆ. ಮೈಕೈ ನೋವು ಬಂದರೆ ಹೇಳಿ, ಡೋಸ್ ಬದಲಿಸುತ್ತಾರೆ, ಬೇರೆ ಮಾತ್ರೆ ಕೊಡುತ್ತಾರೆ. ನೀವಾಗಿಯೇ ನಿಲ್ಲಿಸುವುದು ಬೇಡ. ಬಿಪಿಗೆ ಕೊಡುವ ರಾಮಿಪ್ರಿಲ್‌ನಿಂದ ಒಣಕೆಮ್ಮು ಬಂದವರಿಗೂ ಇದೇ ಮಾತು, ಅದಕ್ಕೆ ಬದಲಿ ಮಾತ್ರೆ ಇದೆ.

ಮಾತ್ರೆ ತಪ್ಪುವುದು ಯಾವಾಗ ಎಂದು ಗಮನಿಸಿದರೆ ಈ ಸೀಮೆಯ ಕೆಲಸದ ಲಯವೇ ಕಾಣುತ್ತದೆ. ರೇಷ್ಮೆ ಮನೆಯನ್ನೇ ನೋಡಿ. ಹುಳ ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೆ ಒಂದು ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ತನ್ನ ಬದುಕಿಗೆ ಬೇಕಾದ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚನ್ನು ಹುಳ ತಿನ್ನುವುದು ಆಗಲೇ. ನಸುಕಿಗೆ ಎದ್ದು ಸೊಪ್ಪು ಕೊಯ್ಯಬೇಕು, ಹೊರೆ ಹೊರಬೇಕು, ರಾತ್ರಿ ಮತ್ತೆ ಸೊಪ್ಪು ಹಾಕಬೇಕು. ಹುಳ ಹಣ್ಣಾಗಲು ಶುರುವಾದರೆ ಮನೆಮಂದಿಯೆಲ್ಲ ಕೂತು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಒಯ್ಯುವ ದಿನ ಬೆಳಗಿನ ತಿಂಡಿಯೇ ಇರುವುದಿಲ್ಲ, ತಿಂಡಿಯ ಮೇಲಿನ ಮಾತ್ರೆ ಎಲ್ಲಿಯದು? ಮೈ ಹೆಚ್ಚು ದಣಿಯುವ ದಿನಗಳಲ್ಲೇ ಮಾತ್ರೆ ತಪ್ಪುತ್ತದೆ. ಇದಕ್ಕೆ ದೊಡ್ಡ ಉಪಾಯವೇನೂ ಬೇಡ. ವಾರದ ಏಳು ಖಾನೆಗಳ ಪ್ಲಾಸ್ಟಿಕ್ ಡಬ್ಬಿ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ತುಂಬುವ ಕೆಲಸ ಮನೆಯ ಇನ್ನೊಬ್ಬರದಾಗಲಿ. ಮಾರ್ಕೆಟ್ಟಿಗೆ ಹೋಗುವ ಚೀಲದಲ್ಲಿ ಒಂದು ದಿನದ ಮಾತ್ರೆ ಬೇರೆಯಾಗಿಯೇ ಇರಲಿ. ದುಡ್ಡಿನ ಕಾರಣಕ್ಕೆ ಬಿಡುವವರು ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು. ಇವುಗಳಲ್ಲಿ ಹೆಚ್ಚಿನವು ಜನೌಷಧಿ ಕೇಂದ್ರಗಳಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತವೆ.

ನೋವಿನ ಇಂಜೆಕ್ಷನ್ ವಿಷಯ ಒತ್ತಿ ಹೇಳಬೇಕು. ಹೊಲದ ಕೆಲಸ ಮುಗಿಸಿ ಸೊಂಟ ಹಿಡಿದರೆ ಹತ್ತಿರದ ಕ್ಲಿನಿಕ್ಕಿನಲ್ಲಿ ಡೈಕ್ಲೊಫೆನಾಕ್ ಚುಚ್ಚಿಸಿಕೊಳ್ಳುವುದು ಇಲ್ಲಿ ಮಾಮೂಲು. ಹೃದಯಾಘಾತ ಆದವರಿಗೆ ಡೈಕ್ಲೊಫೆನಾಕ್, ಐಬುಪ್ರೊಫೇನ್ ಎರಡೂ ಮತ್ತೊಂದು ಆಘಾತದ ಅಪಾಯ ಹೆಚ್ಚಿಸುತ್ತವೆ. ಐಬುಪ್ರೊಫೇನ್ ಆಸ್ಪಿರಿನ್ನಿನ ಕೆಲಸಕ್ಕೂ ಅಡ್ಡ ಬರುತ್ತದೆ. 'ನನಗೆ ಸ್ಟೆಂಟ್ ಹಾಕಿದ್ದಾರೆ' ಎಂದು ಮೊದಲೇ ಹೇಳಿ, ಪ್ಯಾರಾಸಿಟಮಾಲ್ ಕೇಳಿ. ಬೆಳ್ಳುಳ್ಳಿ-ಶುಂಠಿ-ನಿಂಬೆ-ವಿನೆಗರ್ ಕುದಿಸಿ ಕುಡಿದರೆ ಬ್ಲಾಕ್ ಕರಗುತ್ತದೆ ಎಂಬ ವಾಟ್ಸಾಪ್ ಸಂದೇಶಕ್ಕೆ ಯಾವ ಆಧಾರವೂ ಇಲ್ಲ. ಅದನ್ನು ನಂಬಿ ಮಾತ್ರೆ ಬಿಟ್ಟರೆ ಹೋಗುವುದು ಜೀವ.

ಬೀಡಿ, ಸಿಗರೇಟು ಇದ್ದರೆ ಮಿಕ್ಕೆಲ್ಲಕ್ಕಿಂತ ಮೊದಲು ಅದು ನಿಲ್ಲಬೇಕು. ಹೃದಯಾಘಾತದ ನಂತರ ಹೊಗೆ ಬಿಟ್ಟವರಲ್ಲಿ ಸಾವಿನ ಅಪಾಯ ಬಿಡದವರಿಗಿಂತ ಮೂರನೇ ಒಂದರಷ್ಟು ಕಡಿಮೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ ತೋರಿಸಿದೆ. ದಿನಕ್ಕೆ ಎರಡೇ ಎಂದು ಇಳಿಸಿದರೂ ಹೃದಯಕ್ಕೆ ಹೆಚ್ಚು ಲಾಭವಿಲ್ಲ, ಪೂರ್ತಿ ಬಿಡಬೇಕು.

ಊಟದ ವಿಚಾರದಲ್ಲಿ ನಮ್ಮವರ ತಟ್ಟೆ ಕೆಟ್ಟದ್ದಲ್ಲ. ರಾಗಿ ಮುದ್ದೆ, ಮಸ್ಸೊಪ್ಪು, ಬಸ್ಸಾರು, ಹುರುಳಿಕಾಳು, ಅವರೆಕಾಳು ಎಲ್ಲ ಒಳ್ಳೆಯದೇ. ಸಕ್ಕರೆ ಕಾಯಿಲೆ ಇದ್ದವರು ಮುದ್ದೆಯ ಗಾತ್ರ ಇಳಿಸಿ ಕಾಳು-ಸೊಪ್ಪು ಹೆಚ್ಚಿಸಿಕೊಂಡರೆ ಸಾಕು. ತೊಂದರೆ ಇರುವುದು ಉಪ್ಪಿನಲ್ಲಿ. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಉಪ್ಪುಸಾರು, ಖಾರ, ಉಪ್ಪಿನಕಾಯಿ, ಹಪ್ಪಳ ಒಂದೇ ಊಟದಲ್ಲಿ ಸೇರಿದರೆ ಆ ಲೆಕ್ಕ ಅಲ್ಲಿಗೇ ಮುಗಿಯಿತು. ರಕ್ತದೊತ್ತಡ 130/80ರ ಒಳಗೆ ನಿಲ್ಲಬೇಕಾದರೆ ಮಾತ್ರೆಯ ಜೊತೆಗೆ ಉಪ್ಪನ್ನೂ ಇಳಿಸಬೇಕು. ಬಾಡೂಟ ಪೂರ್ತಿ ನಿಷೇಧವಲ್ಲ, ಆದರೆ ಬೀಗರೂಟಕ್ಕೆ ಹೋಗಿ ಕೊಬ್ಬಿನ ತುಂಡು, ಬೋಟಿ ಎರಡೆರಡು ಸಲ ಹಾಕಿಸಿಕೊಳ್ಳುವ ಕಾಲ ಮುಗಿದಿದೆ. ಬೇಕರಿಯ ಪಫ್ಸು, ಕರಿದ ಎಣ್ಣೆಯಲ್ಲೇ ಮತ್ತೆ ಕರಿದ ಬೋಂಡ ಅದಕ್ಕಿಂತ ಕೆಟ್ಟದ್ದು.

ಕೆಲಸಕ್ಕೆ ಯಾವಾಗ ಮರಳಬಹುದು? ಇದು ಹೃದಯದಲ್ಲಿ ಎಷ್ಟು ಬಲ ಉಳಿದಿದೆ ಎನ್ನುವುದರ ಮೇಲೆ ಹೋಗುತ್ತದೆ. ಮೊದಲ ದಿನಗಳಲ್ಲಿ ಮನೆಯ ಮುಂದೆ ಐದು-ಹತ್ತು ನಿಮಿಷ, ದಿನಕ್ಕೆ ಎರಡು ಸಲ ನಡಿಗೆ. ನಡೆಯುತ್ತಾ ಪಕ್ಕದವರ ಜೊತೆ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಮಾತು ತುಂಡಾದರೆ ನಿಧಾನಿಸಿ. ನಿಧಾನಕ್ಕೆ ವಾರಕ್ಕೆ 150 ನಿಮಿಷಕ್ಕೆ ಏರಿಸಬೇಕು. ಬೈಪಾಸ್ ಆದವರು ಎದೆಯ ಮೂಳೆ ಕೂಡುವವರೆಗೆ, ಸುಮಾರು ಮೂರು ತಿಂಗಳು, ಭಾರ ಎತ್ತಬಾರದು. ರೀಲಿಂಗ್ ಘಟಕದ ಹಬೆ-ಹೊಗೆಯ ನಡುವೆ ನಿಂತು ದುಡಿಯುವವರು, ಮೂಟೆ ಹೊರುವವರು, ತೆಂಗಿನ ಮರ ಹತ್ತುವವರು ಕೆಲಸದ ವಿವರವನ್ನು ಡಾಕ್ಟರಿಗೆ ಬಿಡಿಸಿ ಹೇಳಿ. 'ಲೈಟ್ ವರ್ಕ್ ಮಾಡಿ' ಎಂಬ ಮಾತಿಗೆ ಕಚೇರಿಯಲ್ಲಿ ಕೂರುವವರಿಗೆ ಒಂದು ಅರ್ಥ, ಇವರಿಗೆ ಇನ್ನೊಂದು.

ಮತ್ತೆ ಬಂದರೆ

ಎರಡನೇ ಅಟ್ಯಾಕ್ ಮೊದಲನೆಯದರ ಹಾಗೆಯೇ ಬರಬೇಕೆಂದಿಲ್ಲ. ಮೊದಲ ಸಲ ಎದೆ ಹಿಂಡಿದ್ದರೆ ಈ ಸಲ ದವಡೆ ನೋಯಬಹುದು, ಎಡಗೈ ಸೋಲಬಹುದು, ಬರೀ ಬೆವರು, ವಾಕರಿಕೆ, ಉಬ್ಬಸ ಇರಬಹುದು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದಿರಬಹುದು. 'ಗ್ಯಾಸ್ಟ್ರಿಕ್ ಇರಬೇಕು' ಎಂದು ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು ಕಾಯುವ ಒಂದೆರಡು ಗಂಟೆಯಲ್ಲೇ ಸ್ನಾಯು ಸಾಯುತ್ತಿರುತ್ತದೆ. ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ 20 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿ 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ಅಧ್ಯಯನದಲ್ಲಿ, ಅರ್ಧದಷ್ಟು ಜನ ಲಕ್ಷಣ ಶುರುವಾಗಿ 6 ಗಂಟೆ ಕಳೆದ ಮೇಲೆ ಆಸ್ಪತ್ರೆ ತಲುಪಿದ್ದರು. ಹೆಪ್ಪು ಕರಗಿಸುವ ಇಂಜೆಕ್ಷನ್ನಿನ ಹೆಚ್ಚಿನ ಪ್ರಯೋಜನ ಮೊದಲ ಮೂರು ಗಂಟೆಯೊಳಗೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಒಮ್ಮೆ ಅಟ್ಯಾಕ್ ಆದವರ ಮನೆಯಲ್ಲಿ ಅನುಮಾನ ಬಂದರೆ ಅದನ್ನು ಅಟ್ಯಾಕ್ ಎಂದೇ ತಿಳಿದು ಹೊರಡಬೇಕು. ಮಾಡುತ್ತಿರುವ ಕೆಲಸ ಬಿಟ್ಟು ಕೂರಿ. ಡಾಕ್ಟರು ಸಾರ್ಬಿಟ್ರೇಟ್ ಬರೆದುಕೊಟ್ಟಿದ್ದರೆ ಕೂತುಕೊಂಡೇ ಒಂದನ್ನು ನಾಲಿಗೆಯ ಕೆಳಗಿಡಿ. ನಿಂತಿದ್ದರೆ ಬಿಪಿ ಇಳಿದು ಬೀಳಬಹುದು. ಲೈಂಗಿಕ ಶಕ್ತಿಯ ಮಾತ್ರೆ, ಸಿಲ್ಡೆನಾಫಿಲ್ ಆದರೆ 24 ಗಂಟೆಯೊಳಗೆ, ಟಡಾಲಾಫಿಲ್ ಆದರೆ 48 ಗಂಟೆಯೊಳಗೆ ತೆಗೆದುಕೊಂಡಿದ್ದರೆ ಸಾರ್ಬಿಟ್ರೇಟ್ ಇಡಲೇಬಾರದು. ನಾಚಿಕೆಗೆ ಇದನ್ನು ಮುಚ್ಚಿಟ್ಟರೆ ಜೀವಕ್ಕೆ ಅಪಾಯ. ಐದು ನಿಮಿಷಕ್ಕೆ ನೋವು ಹೋಗದಿದ್ದರೆ 108. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ ಇಲ್ಲದವರು 300 ಮಿಲಿಗ್ರಾಂ ಆಸ್ಪಿರಿನ್ ಜಗಿದು ನುಂಗಬಹುದು. ಮನೆಯಲ್ಲಿರುವ 75ರ ಮಾತ್ರೆ ನಾಲ್ಕು ಸೇರಿದರೆ ಅಷ್ಟಾಗುತ್ತದೆ. ನಿಮಗೆ ಅದು ಸರಿಯೇ ಎಂದು ಮುಂದಿನ ಭೇಟಿಯಲ್ಲೇ ಡಾಕ್ಟರನ್ನು ಕೇಳಿ ಫೈಲಿನ ಮೇಲೆ ಬರೆಸಿಟ್ಟುಕೊಳ್ಳಿ.

ಇನ್ನು ಎಲ್ಲಿಗೆ ಹೋಗುವುದು? ಈ ನಾಲ್ಕು ತಾಲ್ಲೂಕಿನವರು ತಪ್ಪುವುದು ಇಲ್ಲೇ. 'ತಾಲ್ಲೂಕು ಆಸ್ಪತ್ರೆಯಲ್ಲಿ ಟೈಮ್ ವೇಸ್ಟು, ನೇರ ಜಯದೇವಕ್ಕೇ ಹೋಗೋಣ' ಎಂದು ಕಾರು ಹತ್ತುತ್ತಾರೆ. ಕನಕಪುರ ರಸ್ತೆಯಲ್ಲಾಗಲಿ, ಮಾಗಡಿ ರಸ್ತೆಯಲ್ಲಾಗಲಿ, ಕೆಂಗೇರಿ ದಾಟಿದ ಮೇಲಾಗಲಿ ಊರೊಳಗಿನ ಟ್ರಾಫಿಕ್ಕಿನಲ್ಲಿ ಸಿಕ್ಕ ಮೇಲೆ ಸಮಯ ಯಾರ ಕೈಯಲ್ಲೂ ಇಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಿದರೆ ಬೈಪಾಸು ರಾಮನಗರ, ಚನ್ನಪಟ್ಟಣ ಎರಡು ಪಟ್ಟಣಗಳನ್ನೂ ಅವುಗಳ ಆಸ್ಪತ್ರೆಗಳನ್ನೂ ಬದಿಗೆ ಬಿಟ್ಟು ಸಾಗುತ್ತದೆ. ಬೈಕು, ಆಟೋಗಳಿಗೆ 2023ರ ಆಗಸ್ಟಿನಿಂದ ಅದರ ಮೇಲೆ ಪ್ರವೇಶವೂ ಇಲ್ಲ. ದಾರಿಯಲ್ಲಿ ಹೃದಯದ ಬಡಿತ ದಿಕ್ಕೆಟ್ಟರೆ ಕಾರಿನಲ್ಲಿ ಶಾಕ್ ಕೊಡುವವರು ಯಾರು?

ವೈದ್ಯರ ಲೆಕ್ಕ ಹೀಗಿದೆ: ಇಸಿಜಿಯಲ್ಲಿ ದೊಡ್ಡ ಅಟ್ಯಾಕ್ ಕಂಡ ಮೇಲೆ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಮಾಡಿ ನಾಳ ತೆರೆಯಲು ಸಾಧ್ಯವಿದ್ದರೆ ಅದೇ ಒಳ್ಳೆಯದು. ಸಾಧ್ಯವಿಲ್ಲವೆಂದರೆ ಅಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಈ ತೀರ್ಮಾನಕ್ಕೆ ಇಸಿಜಿ ಬೇಕು, ಇಸಿಜಿ ಹತ್ತಿರದಲ್ಲೇ ಇದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಬಳಿಕ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ತಂದ ಹೃದಯ ಜ್ಯೋತಿ ಯೋಜನೆ ನಡೆಯುವುದು ಈ ಕ್ರಮದಲ್ಲೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಆನ್‌ಲೈನಿನಲ್ಲಿ ತಜ್ಞರಿಗೆ ಹೋಗುತ್ತದೆ, ಕೆಲ ನಿಮಿಷದಲ್ಲಿ ವರದಿ ಬರುತ್ತದೆ, ಬೇಕಾದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ. ಮನೆಯವರು ಆರೋಗ್ಯವಾಗಿರುವಾಗಲೇ ಒಂದು ದಿನ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೇಳಿ: ರಾತ್ರಿಯೂ ಇಸಿಜಿ ತೆಗೆಯುತ್ತಾರೆಯೇ, ಆ ಇಂಜೆಕ್ಷನ್ ಇಟ್ಟಿದ್ದಾರೆಯೇ, ಯಾವ ಬಾಗಿಲಿಂದ ಹೋಗಬೇಕು. ಸಂಗಮದ ಕಡೆಯ ಹಳ್ಳಿಗಳಿಂದ ಕನಕಪುರಕ್ಕೇ 30 ಕಿಲೋಮೀಟರ್ ಮೇಲಾಗುತ್ತದೆ. ಕುದೂರಿನ ಕಡೆಯವರಿಗೆ ಮಾಗಡಿ ಒಂದು ದಿಕ್ಕು, ನೆಲಮಂಗಲ ಇನ್ನೊಂದು ದಿಕ್ಕು. ಎತ್ತ ತಿರುಗಬೇಕೆಂದು ನಡುರಾತ್ರಿ ವಾದ ಮಾಡುವಂತಾಗಬಾರದು.

ಜೇಬಿನಲ್ಲಿ, ಮೊಬೈಲಿನಲ್ಲಿ ಎರಡು ಚಿತ್ರ ಸದಾ ಇರಲಿ. ಒಂದು ಡಿಸ್ಚಾರ್ಜ್ ಚೀಟಿ, ಇನ್ನೊಂದು ಇತ್ತೀಚಿನ ಇಸಿಜಿ. ಹಳೆಯ ಅಟ್ಯಾಕಿನ ಗುರುತು ಇಸಿಜಿಯಲ್ಲಿ ಉಳಿದುಬಿಡುತ್ತದೆ. ಹಿಂದಿನದನ್ನು ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಯಾವುದು ಹಳೆಯದು, ಯಾವುದು ಈಗಿನದು ಎಂದು ಡ್ಯೂಟಿ ಡಾಕ್ಟರಿಗೆ ಬೇಗ ಗೊತ್ತಾಗುತ್ತದೆ. ಮೊದಲ ಸಲ ಸ್ಟ್ರೆಪ್ಟೊಕೈನೇಸ್ ಇಂಜೆಕ್ಷನ್ ಕೊಟ್ಟಿದ್ದರೆ ಅದನ್ನು ತಪ್ಪದೆ ಹೇಳಿ. ಒಮ್ಮೆ ಪಡೆದವರ ಮೈಯಲ್ಲಿ ಅದಕ್ಕೆ ಪ್ರತಿಕಾಯ ಬೆಳೆದಿರುವುದರಿಂದ ಅದನ್ನೇ ಮತ್ತೆ ಕೊಡುವಂತಿಲ್ಲ, ಟೆನೆಕ್ಟೆಪ್ಲೇಸ್‌ಗೆ ಆ ತೊಡಕಿಲ್ಲ.

ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಹೇಳಬೇಕು. ಗಂಡನ ಮಾತ್ರೆ ಡಬ್ಬಿ ತುಂಬುವವರು, ಅವನ ತಪಾಸಣೆಯ ದಿನ ನೆನಪಿಡುವವರು ಅವರು. ಅವರಿಗೇ ಅಟ್ಯಾಕ್ ಆದರೆ ಅವರ ಡಬ್ಬಿ ತುಂಬುವವರು ಇರುವುದಿಲ್ಲ. ಆಯಾಸ, ಬೆನ್ನು ನೋವು ಎಂದರೆ 'ಕೆಲಸ ಜಾಸ್ತಿ ಆಗಿದೆ, ಮಲಗಮ್ಮ' ಎನ್ನುತ್ತಾರೆ. ಅಮ್ಮನಿಗೆ ಸ್ಟೆಂಟ್ ಹಾಕಿಸಿದ ಮನೆಯ ಮಕ್ಕಳು ಇದನ್ನು ಗಮನಿಸಬೇಕು. ಅಟ್ಯಾಕಿನ ನಂತರ ಮಂಕು ಕವಿಯುವುದು, ನಿದ್ದೆ ಬಾರದಿರುವುದು, ಚಿಕ್ಕ ಚಳುಕಿಗೂ ಜೀವ ಹೋದಂತಾಗುವುದು ಗಂಡಸು-ಹೆಂಗಸು ಇಬ್ಬರಿಗೂ ಸಾಮಾನ್ಯ. ಅದಕ್ಕೂ ಚಿಕಿತ್ಸೆ ಇದೆ, ಮುಜುಗರ ಬೇಡ.

ಮುಂದಿನ ತಪಾಸಣೆಗೆ ಹೋದಾಗ ಎಕೋ ವರದಿಯಲ್ಲಿ ಇಎಫ್ ಎಂದು ಬರೆದಿರುವ ಅಂಕಿ ಕೇಳಿ. ಪ್ರತಿ ಬಡಿತಕ್ಕೆ ಹೃದಯ ಎಷ್ಟು ಪಾಲು ರಕ್ತ ಹೊರದೂಡುತ್ತದೆ ಎನ್ನುವ ಲೆಕ್ಕ ಅದು, 55ರ ಮೇಲಿದ್ದರೆ ಸಹಜ. ಸರಿಯಾಗಿ ಮಾತ್ರೆ ತೆಗೆದುಕೊಂಡು ಮೂರು ತಿಂಗಳಾದ ಮೇಲೂ 35 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಠಾತ್ ಸಾವಿನ ಅಪಾಯ ಹೆಚ್ಚು. ಆಗ ಎದೆಯ ಚರ್ಮದಡಿ ಇಡುವ ಐಸಿಡಿ ಯಂತ್ರ ಬೇಕೇ ಎಂದು ಕೇಳಿ. ಜೀವನದಲ್ಲಿ ಒಮ್ಮೆ ಲಿಪೊಪ್ರೋಟೀನ್-ಎ ಪರೀಕ್ಷೆ ಮಾಡಿಸಿ. ಅದು ವಂಶದಲ್ಲಿ ಬರುವಂಥದ್ದು, ಹೆಚ್ಚಿದ್ದರೆ ಮಕ್ಕಳೂ ಪರೀಕ್ಷಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದರಿಂದಲೂ ಹೃದಯದ ಸಾವು ಕಡಿಮೆಯಾಗುತ್ತದೆಂದು ಪ್ರಯೋಗಗಳು ತೋರಿಸಿವೆ, ಆ ಮಾತನ್ನೂ ಎತ್ತಿ.

ಖರ್ಚಿಗೆ ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಡೇರಿಗೆ ಹಾಲು ಹಾಕುವವರು, ಸಹಕಾರ ಸಂಘದ ಸದಸ್ಯರು ಯಶಸ್ವಿನಿಗೆ ಸೇರಬಹುದು. ಆದರೆ ಅದರ ನೋಂದಣಿ ವರ್ಷ ವರ್ಷ ನವೀಕರಿಸಬೇಕು, ಗಡುವು ದಾಟಿದರೆ ಆ ವರ್ಷ ಸಿಗುವುದಿಲ್ಲ. ಕೊನೆಯ ದಿನ ಯಾವುದೆಂದು ನಿಮ್ಮ ಹಾಲಿನ ಡೇರಿಯ ಕಾರ್ಯದರ್ಶಿಯನ್ನು ಕೇಳಿ.